ಅಂಬಿಗನ ಗುಣವಾಚಕ

"ಗುರುಗಳೇ, ಇಂಗ್ಲಿಷಿನಲ್ಲಿ ನಾಮಪದ ಯಾವುದು, ಗುಣವಾಚಕ ಯಾವುದು ಎಂದು ತಿಳಿಯುವುದು ಹೇಗೆ?" ಎಂದು ಅಡಿವೆಪ್ಪ ಕೇಳಿದನು.

ಆ ಬೆಳಿಗ್ಗೆ ಮಠದ ಪಾಠಶಾಲೆಯಲ್ಲಿ ಗುರು ಮರುಳಯ್ಯನವರು ಅವನ ಜೊತೆಗಾರ ಶಿವಪುತ್ರನ ಬರಹ ನೋಡಿ 'ಕ್ಲೆವರ್ ಬಾಯ್' ಎಂದಿದ್ದರು. ಅಡಿವೆಪ್ಪನ ಹಾಳೆಯನ್ನು ಮಾತಿಲ್ಲದೆ ಮರಳಿಸಿದ್ದರು. ಆಗಿನಿಂದ ಅವನಿಗೆ ಊಟ ಸೇರಿರಲಿಲ್ಲ. ಶಿವಪುತ್ರ ನಕ್ಕರೂ ಉರಿಯುತ್ತಿತ್ತು, ಸುಮ್ಮನಿದ್ದರೂ ಉರಿಯುತ್ತಿತ್ತು.

ಮರುಳಯ್ಯನವರು ಹೇಳಿದರು: "'ಬಾಯ್' ನಾಮಪದ. 'ಕ್ಲೆವರ್' ಗುಣವಾಚಕ. 'ದಿ ಕ್ಲೆವರ್ ಬಾಯ್ ಕೇಮ್' ಎಂಬಲ್ಲಿ 'ಕ್ಲೆವರ್' ಅಳಿಸು. ಹುಡುಗ ಬಂದೇ ಬರುತ್ತಾನೆ. 'ಬಾಯ್' ಅಳಿಸು, ಬರುವವನೇ ಇಲ್ಲ. ಒಂದು ಕತೆ ಕೇಳು."

ಒಂದು ಹೊಳೆಯ ಕಡವಿನಲ್ಲಿ ಇಬ್ಬರು ಅಂಬಿಗರಿದ್ದರು. ಜನ ಒಬ್ಬನನ್ನು 'ಒಳ್ಳೆಯ ಅಂಬಿಗ' ಎನ್ನುತ್ತಿದ್ದರು. ಇನ್ನೊಬ್ಬನನ್ನು ಬರಿಯ 'ಅಂಬಿಗ' ಎನ್ನುತ್ತಿದ್ದರು. ಆ ಒಂದು ಮಾತು ಎರಡನೆಯವನಿಗೆ ಮುಳ್ಳಾಗಿ ನೆಟ್ಟಿತು. ತನ್ನ ದೋಣಿಯನ್ನು ದಡಕ್ಕೆ ಎಳೆದು ಹಾಕಿ, ಹೊಂಗೆಯ ಮರದ ಕೆಳಗೆ ಕುಳಿತು, ಇನ್ನೊಬ್ಬನ ದೋಣಿಯನ್ನು ಯಾರು ಯಾರು ಹತ್ತುತ್ತಾರೆಂದು ನೋಡತೊಡಗಿದನು. ಹತ್ತಲು ಬಂದವರಿಗೆ, "ಅದರ ತಳ ಲಡ್ಡಾಗಿ ಕೊಳೆತಿದೆ, ಮಕ್ಕಳನ್ನು ಕೂರಿಸಬೇಡಿ" ಎಂದು ಪಿಸುಗುಟ್ಟಿದನು.

ಜನ ಅರ್ಧ ನಂಬಿದರು. 'ಒಳ್ಳೆಯ' ಎನ್ನುವುದನ್ನು ಬಿಟ್ಟರು. ಅಂದು ಮರದ ಕೆಳಗಿನವನು ಹೊಟ್ಟೆ ತುಂಬ ಉಂಡನು. ಮರುದಿನ ಬಂದು ನೋಡಿದರೆ, ಆ ಅಂಬಿಗ ಎಂದಿನಂತೆ ಹುಟ್ಟು ಹಾಕುತ್ತಿದ್ದನು. ಹೊಳೆ ದಾಟಬೇಕಾದವರು ದಾಟುತ್ತಿದ್ದರು. ಇದನ್ನು ಅವನಿಂದ ಸಹಿಸಲಾಗಲಿಲ್ಲ. ಮತ್ತೆ ಮರದ ಕೆಳಗೆ ಕುಳಿತನು. ಬೇಸಿಗೆಯೆಲ್ಲ ಕುಳಿತನು.

ಒಬ್ಬ ವ್ಯಾಪಾರಿ ಮೂಟೆಗಳೊಡನೆ ಕಡವಿಗೆ ಬಂದು, ಬಟ್ಟೆ ಒಗೆಯುತ್ತಿದ್ದ ಹೆಂಗಸನ್ನು ಕೇಳಿದನು: "ಅಕ್ಕಾ, ಇಲ್ಲಿ ಅಂಬಿಗರು ಎಷ್ಟು ಮಂದಿ?"

"ಒಬ್ಬನೇ ಅಣ್ಣಾ. ಆಚೆ ದಡಕ್ಕೆ ಹೋಗಿದ್ದಾನೆ, ಬರುತ್ತಾನೆ."

"ಮತ್ತೆ ಆ ಮರದ ಕೆಳಗೆ ಕುಳಿತವನು?"

"ಅವನಾ? ಅವನು ಹೊಟ್ಟೆಕಿಚ್ಚಿನವನು."

ಅವನಿಗೆ ಅದು ಕೇಳಿಸಿತು. ಎದ್ದವನೇ ದೋಣಿಯನ್ನು ನೀರಿಗೆ ನೂಕಿದನು. ಬಿಸಿಲಿಗೆ ಹಲಗೆಗಳು ಒಣಗಿ ಸಂದು ಬಿಟ್ಟಿದ್ದವು. ಮೊಣಕಾಲುದ್ದದ ನೀರಿನಲ್ಲೇ ದೋಣಿ ತುಂಬಿ ತಳ ಹಿಡಿಯಿತು. ಆಚೆಯಿಂದ ಬಂದ ಅಂಬಿಗ ತನ್ನ ದೋಣಿ ಕಟ್ಟಿ, ನೀರಿಗಿಳಿದು, ಮುಳುಗಿದ್ದನ್ನು ಇಬ್ಬರೂ ಎಳೆಯೋಣವೆಂದು ಇವನತ್ತ ಕೈ ಚಾಚಿದನು. ಇವನು ಆ ಕೈ ಹಿಡಿಯಲಿಲ್ಲ.

ಮರುಳಯ್ಯನವರು ಅಲ್ಲಿಗೆ ನಿಲ್ಲಿಸಿದರು.

ಅಡಿವೆಪ್ಪ ಮೆಲ್ಲಗೆ ಕೇಳಿದನು: "ಗುರುಗಳೇ, 'ಜೆಲಸ್', ಅಂದರೆ ಹೊಟ್ಟೆಕಿಚ್ಚಿನ, ಎಂಬುದು ಗುಣವಾಚಕವಲ್ಲವೇ? ಅವನ ಪಾಲಿಗೆ ಅದು ನಾಮಪದವಾದದ್ದು ಹೇಗೆ?"

"ಬರುವಾಗ ಅದು ಗುಣವಾಚಕವೇ, ಅಡಿವೆಪ್ಪ, ಕೂರಲು ಜಾಗ ಕೊಟ್ಟರೆ ನಾಮಪದವಾಗುತ್ತದೆ."