ಗಣಪಿಯ ತೂಬಿನ ಹಲಗೆ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಮಾತ್ರ ಕೇಳಬೇಡಿ, ಸೋಲಾರ್ ಗಾಜು ಕಂಡರೆ ಜನ ಸುತ್ತು ಬಳಸಿ ನಡೆಯುತ್ತಿದ್ದ ಕಾಲದಲ್ಲಿ, ಹೊಳೆಯಂಚಿಗೆ ಒಂದು ಕೊಪ್ಪವಿತ್ತಂತೆ. ನಮ್ಮದೇ ಕೊಪ್ಪ. ಸುತ್ತಲೂ ಕರಿಮಣ್ಣಿನ ಜವುಗು. ತಲೆಮಾರುಗಟ್ಟಲೆ ಹುಲ್ಲು, ಬೇರು ನೀರಲ್ಲಿ ಕೊಳೆತು ಆದ ಮಣ್ಣು ಅದು. ಕಾಲಿಟ್ಟರೆ ಹಾಸಿಗೆಯಂತೆ ತಗ್ಗುತ್ತಿತ್ತಂತೆ, ಒಣಗಿದರೆ ಸೌದೆಯಂತೆ ಉರಿಯುತ್ತಿತ್ತಂತೆ.

ಮಳೆ ಮುಗಿದದ್ದೇ ತೂಬಿನ ಹಲಗೆ ಎತ್ತಿ ನೀರನ್ನು ಹೊಳೆಗೆ ಬಿಡುವುದು, ಮಣ್ಣಿನ ಮೇಲೆ ತರಗೆಲೆ ಒಟ್ಟಿ ಸುಡುಮಣ್ಣು ಮಾಡುವುದು, ಆ ಬೂದಿಯಲ್ಲಿ ಹರಿವೆ, ಮೊಗೆಕಾಯಿ ಬೆಳೆಯುವುದು. ಇದು ಊರ ಪದ್ಧತಿ. ನೆಲದ ಹೊಟ್ಟೆಯಲ್ಲಿ ಹಸಿ ಇರುವಾಗಲೇ ಸುಡುತ್ತಿದ್ದರು, ಅದಕ್ಕೇ ಬದುಕಿದ್ದರು. ಆದರೂ ವರ್ಷಕ್ಕೆ ನಾಲ್ಕು ಬೆರಳು ಗದ್ದೆ ಕುಸಿಯುತ್ತಿತ್ತು. ಭೂಮಿತಾಯಿ ಉಸಿರು ಬಿಡುತ್ತಾಳೆ ಎಂದು ಹಿರಿಯರು ಸಮಾಧಾನ ಹೇಳುತ್ತಿದ್ದರಂತೆ. ಒಳ್ಳೆ ಸಮಾಧಾನ!

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತಾರಲ್ಲ, ಗಣಪಿ ಹಾಗೆ. ಅವಳಿಗೆ ಇದ್ದದ್ದು ಎಂಟೇ ಗುಂಟೆ. ಅದು ಹೋದರೆ ಅವಳಿಗೆ ಊರಿಲ್ಲ. ಅವಳು ಆಳೆತ್ತರದ ಕಂಬ ನೆಟ್ಟು ಮೇಲೆ ಸೋಲಾರ್ ಗಾಜು ಹೊದೆಸಿದಳಂತೆ. ತನ್ನ ಗದ್ದೆಯ ತೂಬಿಗೆ ಹಲಗೆ ಮುಚ್ಚಿದಳಂತೆ. ಬಿಸಿಲು ಬಿದ್ದರೆ ಪಂಪು ತಾನೇ ಓಡಿ ಹೊಳೆಯ ನೀರನ್ನು ಗದ್ದೆಗೆ ತರುತ್ತಿತ್ತಂತೆ. ಊರೆಲ್ಲ ನೀರು ಹೊರಗೆ ಹಾಕಿದರೆ ಇವಳು ಒಳಗೆ ಹಾಕುತ್ತಾಳೆ! ಮಣ್ಣಿನಿಂದ ಮೊಳದಷ್ಟು ಕೆಳಗೆ ನೀರು ನಿಂತಿರುತ್ತಿತ್ತು, ಗಾಜಿನ ನೆರಳಲ್ಲಿ ಬಸಳೆ ಕಂಬಕ್ಕೆ ಹಬ್ಬಿ ಹೆಬ್ಬೆರಳು ದಪ್ಪ ಬೆಳೆಯುತ್ತಿತ್ತು.

ಊರವರಿಗೆ ಅಷ್ಟು ಸಾಕಾಯಿತು. ಅವಳು ಊರಿನ ಬಿಸಿಲು ಕದಿಯುತ್ತಾಳೆ ಎಂದರು. ಪಕ್ಕದ ಮೊಗೆಬಳ್ಳಿ ಬಾಡಿದರೆ ಗಾಜೇ ಕುಡಿದದ್ದು ಎಂದರು. ಅವಳು ಕೊಟ್ಟ ಸೊಪ್ಪನ್ನು ಮೊದಲು ದನಕ್ಕೆ ಹಾಕಿ, ದನ ಬದುಕಿದರೆ ಮರುದಿನ ತಾವು ಸಾರು ಮಾಡುತ್ತಿದ್ದರಂತೆ. ನಮ್ಮಜ್ಜನಂತೂ ದಿನಾ ಬೇಲಿಯಾಚೆ ನಿಂತು ಆ ಗಾಜನ್ನೇ ನೋಡುತ್ತಿದ್ದನಂತೆ.

ಒಂದು ಕಡುಬೇಸಿಗೆಯಲ್ಲಿ ಗಣಪಿ ತವರಿಗೆ ಹೋದಳು. ಹದಿನೈದು ದಿನ. ಅಷ್ಟರಲ್ಲಿ ಯಾರೋ ಪಂಪು ನಿಲ್ಲಿಸಿ, ಹಲಗೆ ಕಿತ್ತು ಹೊಳೆಗೆ ಎಸೆದರಂತೆ. ಗದ್ದೆ ಸೌದೆಯಂತೆ ಒಣಗಿತು. ಆಮೇಲೆ ಮಾಟ ಕಳೆಯಲೆಂದು ಅಲ್ಲೇ ತರಗೆಲೆ ಒಟ್ಟಿ ಸುಡುಮಣ್ಣಿಗೆ ಬೆಂಕಿ ಕೊಟ್ಟರಂತೆ.

ಮೇಲಿನ ಬೆಂಕಿ ಆರಿತು, ಕೆಳಗಿನದು ಆರಲಿಲ್ಲ. ಮಣ್ಣೇ ಹೊತ್ತಿತ್ತು. ಹೊಗೆ ಇಂದು ಇಲ್ಲಿ ಎದ್ದರೆ ನಾಳೆ ಹತ್ತು ಮಾರು ಆಚೆ, ಮನೆಗಳ ಕಡೆಗೆ. ಕೊಡಗಟ್ಟಲೆ ನೀರು ಹೊಯ್ದರೂ ಬುಸ್ ಅಂದು ಮತ್ತೆ ಹೊಗೆಯಾಡುತ್ತಿತ್ತಂತೆ.

ಗಣಪಿ ಬಂದಳು. ಶಾಪ ಹಾಕುತ್ತಾಳೆ ಎಂದು ಎಲ್ಲರೂ ಬಾಗಿಲ ಸಂದಿಯಿಂದ ನೋಡಿದರಂತೆ. ಅವಳು ಗದ್ದೆ ನೋಡಿದಳು, ಹೊಗೆ ನೋಡಿದಳು. ಒಂದೇ ಪಂಪು. ತನ್ನ ನೆಲವನ್ನಾದರೂ ನೆನೆಸಬಹುದು, ಮನೆಗಳ ಮುಂದಿನ ನೆಲದ ಪಟ್ಟಿಯನ್ನಾದರೂ ನೆನೆಸಬಹುದು. ಅವಳು ಪೈಪನ್ನು ಮನೆಗಳ ಕಡೆಗೆ ತಿರುಗಿಸಿದಳಂತೆ.

ಮೂರು ದಿನ ಬಿಸಿಲು ಬಿದ್ದಷ್ಟೂ ಪಂಪು ಓಡಿತು. ಅತ್ತ ಅವಳ ಎಂಟು ಗುಂಟೆ ಒಳಗೊಳಗೇ ಬೂದಿಯಾಗಿ, ಬಸಳೆ ಸಮೇತ ಕಂಬಗಳು ಒಂದೊಂದೇ ವಾಲಿದವು. ಮೂರನೆಯ ಸಂಜೆ ಕೊನೆಯ ಗಾಜು ಮುಗುಚಿತು. ಅಷ್ಟರಲ್ಲಿ ಪಟ್ಟಿ ನೆನೆದು ಬೆಂಕಿ ಅಲ್ಲೇ ನಿಂತಿತ್ತು.

ಊರು ಬಿಟ್ಟು ಹೋಗುವ ಮುಂಚೆ ಅವಳು ಒಂದೇ ಮಾತು ಕೇಳಿದಳಂತೆ.

"ಹಲ್ಗೆ ಕಿತ್ತವ್ರು ಯಾರು?"

ಒಂದೊಂದೇ ಬಾಗಿಲು ಮುಚ್ಚಿಕೊಂಡಿತಂತೆ, ಮೊದಲು ನಮ್ಮಜ್ಜನದು. ಅವಳು ಎಲ್ಲಿಗೆ ಹೋದಳೋ ತಿಳಿಯದು. ತವರಿಗೆ ಅಂತಾರೆ, ಹೊಳೆಯಾಚೆಗೆ ಅಂತಾರೆ.

ಈಗ ಕೊಪ್ಪದಲ್ಲಿ ಎಲ್ಲರ ಗದ್ದೆಗೂ ಗಾಜಿನ ನೆರಳಿದೆ, ಕರಿಮಣ್ಣಿಗೆ ಯಾರೂ ಬೆಂಕಿ ತೋರುವುದಿಲ್ಲ. ಮಳೆ ಮುಗಿದ ಮೊದಲ ಸೋಮವಾರ ಊರೆಲ್ಲ ಸೇರಿ ಗಣಪಿಯ ಹೆಸರಲ್ಲಿ ತೂಬಿಗೆ ಹಲಗೆ ಬಡಿಯುತ್ತೇವೆ. ಮನೆಗೊಂದು ಏಟು. ಏಟು ಹಾಕುವಾಗ "ನಾವಲ್ಲ, ತಾಯಿ" ಅನ್ನಬೇಕು. ಎಲ್ಲರೂ ಅನ್ನುತ್ತಾರೆ. ನಮ್ಮ ಮನೆಯ ಸರದಿ ಬಂದಾಗ ನಾನು ಏಟು ಮಾತ್ರ ಹಾಕುತ್ತೇನೆ.