ಸಪ್ಪಳವಿಲ್ಲದ ಲ್ಯಾಪ್‌ಟಾಪ್

ಕೃಷ್ಣೆಯ ದಂಡೆಯ ಆ ಪುಟ್ಟ ಮಠದಲ್ಲಿ ಗುರು ಅಡವಯ್ಯನವರು ಇನ್ನೂ ಇದ್ದ ಕಾಲ. ಎಲ್ಲರಿಗೂ ಅವರು ಅಜ್ಜಾರು. ಆ ದಿನಗಳನ್ನು ಶಿಷ್ಯ ನಿರುಪಾದಿ ಇಂದಿಗೂ ನೆನೆಯುತ್ತಾನೆ.

ಅಜ್ಜಾರಿಗೆ ಒಂದೇ ಆಸೆ ಉಳಿದಿತ್ತು. ತೀರಿಹೋದ ತಾಯಿ ಜೋಳ ಬೀಸುತ್ತ ಹಾಡುತ್ತಿದ್ದ ಹಾಡನ್ನು ಮತ್ತೊಮ್ಮೆ ಕೇಳಬೇಕು. ಅದು ಬರುತ್ತಿದ್ದದ್ದು ಆಚೆ ದಂಡೆಯಲ್ಲಿದ್ದ ಅವರ ಅಕ್ಕ ಭೀಮವ್ವನಿಗೆ ಮಾತ್ರ. ಅವಳಿಗೆ ಎಂಬತ್ತೈದು.

"ನಾ ರೆಕಾರ್ಡ್ ಮಾಡಿಕೊಡ್ತೀನ್ರಿ ಅಜ್ಜಾರ," ಅಂದ ನಿರುಪಾದಿ.

ಅಂದವನು ಲ್ಯಾಪ್‌ಟಾಪ್ ಆರಿಸುವುದರಲ್ಲೇ ಎರಡು ತಿಂಗಳು ಕಳೆದ. ಒಂದು ಹಗುರ, ಆದರೆ ಬ್ಯಾಟರಿ ನಿಲ್ಲದು. ಇನ್ನೊಂದರ ಬ್ಯಾಟರಿ ನಿಲ್ಲುತ್ತದೆ, ಹೊತ್ತವನ ಹೆಗಲು ನಿಲ್ಲದು. ಕಡೆಗೆ ಒಳಗೆ ಫ್ಯಾನೇ ಇಲ್ಲದ್ದೊಂದನ್ನು ತಂದ. ಜೊತೆಗೆ ಮೈಕು, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಸಣ್ಣ ಪೆಟ್ಟಿಗೆ, ಹೆಡ್‌ಫೋನು, ಗಾಳಿ ತಡೆಯಲು ಮೈಕಿಗೊಂದು ತುಪ್ಪಳದ ಟೊಪ್ಪಿಗೆ.

"ಫ್ಯಾನ್ ಯಾಕ ಬ್ಯಾಡ?" ಅಜ್ಜಾರು ಕೇಳಿದರು.

"ಅದರ ಸಪ್ಪಳ ಹಾಡಿನಾಗ ಸೇರ್ತದ್ರಿ. ಹಾಡು ಬಿಟ್ಟು ಬ್ಯಾರೆ ಏನೂ ಕೇಳಬಾರದು."

ಅಜ್ಜಾರು ಟೊಪ್ಪಿಗೆಯನ್ನು ಸವರಿ ನಕ್ಕರು. "ಮೈಕಿಗೂ ಚಳಿ ಏನು?"

ಇಬ್ಬರೂ ದೋಣಿ ಹತ್ತಿ ಆಚೆ ದಂಡೆಗೆ ಹೋದರು. ಭೀಮವ್ವ ಬೀಸುಕಲ್ಲಿನ ಮುಂದೆ ಕೂತು, ಒಂದು ಮುಷ್ಟಿ ಜೋಳ ಹಾಕಿ, ಗೂಟ ಹಿಡಿದು ತಿರುಗಿಸುತ್ತ ಹಾಡು ಎತ್ತಿದಳು.

ಹೆಡ್‌ಫೋನ್ ಹಾಕಿಕೊಂಡಿದ್ದ ನಿರುಪಾದಿ ಮುಖ ಕಿವುಚಿದ. "ಅವ್ವಾ, ಬೀಸೂದು ನಿಲ್ಲಸ್ರಿ. ಗರಗರ ಅಂತದ. ಬರೇ ಹಾಡ್ರಿ."

ಭೀಮವ್ವ ಕೈ ನಿಲ್ಲಿಸಿದಳು. ಹಾಡೂ ನಿಂತಿತು.

ಮೊದಲ ಸಾಲು ಹೇಳಿದಳು. ಎರಡನೆಯದು ಬರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದಳು. ಆಗಲೂ ಬರಲಿಲ್ಲ.

"ಬಾಯಾಗೇ ಇತ್ತಲ್ಲೋ ಅಡವಯ್ಯಾ. ಎಲ್ಲಿ ಹೋತೋ!" ಮುದುಕಿ ಕಣ್ಣೀರು ತಂದುಕೊಂಡಳು.

ಎರಡು ತಿಂಗಳು ಹಾಳು ಮಾಡಿದ್ದಲ್ಲದೆ ಹಾಡನ್ನೂ ಕಳೆದೆನಲ್ಲ ಎಂದು ನಿರುಪಾದಿ ತನ್ನನ್ನೇ ಬೈದುಕೊಂಡ.

ಅಜ್ಜಾರು ಕಲ್ಲಿನ ಎದುರು ಕೂತರು. ಅಕ್ಕನ ಕೈಯನ್ನು ಗೂಟದ ಮೇಲಿಟ್ಟು, ಅದರ ಮೇಲೆ ತಮ್ಮ ಕೈ ಇಟ್ಟು, ಇನ್ನೊಂದು ಮುಷ್ಟಿ ಜೋಳ ಹಾಕಿದರು.

ಕಲ್ಲು ತಿರುಗಿತು. ಎರಡು ಸುತ್ತು ಮುಗಿಯುವಷ್ಟರಲ್ಲಿ ಎರಡನೆಯ ಸಾಲು ಬಂತು. ಆಮೇಲೆ ಮೂರನೆಯದು. ಆಮೇಲೆ ಇಡೀ ಹಾಡು. ಅಜ್ಜಾರು ಅತ್ತರು, ಕಣ್ಣು ಒರೆಸಿಕೊಳ್ಳಲೂ ಇಲ್ಲ.

ಹಾಡೆಲ್ಲ ರೆಕಾರ್ಡ್ ಆಗಿ ಮುಗಿದಾಗ ನಿರುಪಾದಿಗೆ ಹೋದ ಜೀವ ಬಂದಂತಾಯಿತು.

"ಚಿಂತಿ ಬ್ಯಾಡ್ರಿ ಅಜ್ಜಾರ. ಲ್ಯಾಪ್‌ಟಾಪಿನಾಗ ಕಲ್ಲಿನ ಸಪ್ಪಳ ಅಳಸಿಬಿಡ್ತೀನಿ. ಬರೇ ಹಾಡು ಉಳೀತದ."

ಅಜ್ಜಾರು ಗೂಟದಿಂದ ಕೈ ತೆಗೆಯಲಿಲ್ಲ.

"ಹಾಡು ನಾ ಮರತಿದ್ದೆ, ತಮ್ಮಾ. ಅವ್ವನ ತೊಡಿ ಮ್ಯಾಲ ಮಲಗಿ ಕೇಳಿದ ಈ ಸಪ್ಪಳ ಒಂದಿನಾನೂ ಮರತಿಲ್ಲ. ಈಗ ಹೇಳು, ಯಾವುದು ಅಳಸ್ತಿ?"