ಅರ್ಧದ ಮನೆಯ ಏರಿ

"ಗುರುಗಳೇ, ಅರ್ಧಕ್ಕೆ ಮೂರರಲ್ಲೊಂದನ್ನು ಕೂಡಿಸು ಅಂದಿರಿ. ಕೂಡಿಸುವ ಮೊದಲು ಎರಡನ್ನೂ ಆರರಲ್ಲೊಂದರ ಚೂರುಗಳಾಗಿ ಒಡೆ ಅಂದಿರಿ. ಗಟ್ಟಿಮುಟ್ಟಾದ ಅರ್ಧವನ್ನು ಯಾಕೆ ಒಡೆಯಬೇಕು? ಅದು ಅರ್ಧವಾಗಿಯೇ ಇದ್ದರೆ ಆಗದೇ?"

ಕೇಳಿದವನು ಸಾಮಾನ್ಯ ಶಿಷ್ಯನಲ್ಲ. ಬಾಯಿಲೆಕ್ಕದಲ್ಲಿ ಆ ಶಾಲೆಗೇ ಮೊದಲಿಗ. ಇಪ್ಪತ್ತರ ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೂ ಒಪ್ಪಿಸುವವನು. ಭಿನ್ನರಾಶಿಗೆ ಬಂದು ನಿಂತುಬಿಟ್ಟಿದ್ದ. ಮೂರು ದಿನದಿಂದ ಅವನ ಹಲಗೆಯ ಮೇಲೆ ಒಂದೇ ಉತ್ತರವಿತ್ತು. ಮೇಲಿನ ಒಂದಕ್ಕೆ ಒಂದು ಸೇರಿ ಎರಡು, ಕೆಳಗಿನ ಎರಡಕ್ಕೆ ಮೂರು ಸೇರಿ ಐದು, ಒಟ್ಟು ಐದರಲ್ಲಿ ಎರಡು. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾದದ್ದು ಹೇಗಪ್ಪಾ ಎಂದು ಗುರುಗಳು ಕೇಳಿದರೆ, "ಅದು ಲೆಕ್ಕದ ತಪ್ಪು, ನನ್ನದಲ್ಲ" ಎನ್ನುತ್ತಿದ್ದ. ಇದು ಬಗೆಹರಿಯದಿದ್ದರೆ ನಾಳೆಯಿಂದ ಪಾಠಕ್ಕೆ ಬರುವುದಿಲ್ಲ ಎಂದೂ ಹೇಳಿದ್ದ.

ಗುರುಗಳು ಹಲಗೆಯನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಂದು ಊರು. ಊರಿಗೆ ಒಂದೇ ಕೆರೆ. ಕೆರೆಯ ಏರಿ ಸವೆದು ತಗ್ಗಾಗಿತ್ತು. ಮುಂಗಾರು ಬೀಳುವುದರೊಳಗೆ ಈ ತುದಿಯಿಂದ ಆ ತುದಿಯವರೆಗೆ ಮಣ್ಣು ಹಾಕಿ ಎತ್ತರಿಸಬೇಕಿತ್ತು.

ಆ ಊರಲ್ಲಿ ಒಬ್ಬ ರೈತನಿದ್ದ. ಅಂತಿಂಥ ರೈತನಲ್ಲ. ಕೆರೆಯ ಕೆಳಗಿನ ಗದ್ದೆಯಲ್ಲಿ ಅರ್ಧ ಅವನದು. ಅವನ ಮನೆಗೆ ಅರ್ಧದ ಮನೆ ಎಂದೇ ಹೆಸರು. ಊರ ಸಭೆಯಲ್ಲಿ ಅವನು ಎದ್ದು ನಿಂತು, ಏರಿಯಲ್ಲಿ ಅರ್ಧ ನನ್ನದು ಎಂದ. ಅಲ್ಲೇ ಒಬ್ಬ ವ್ಯಾಪಾರಿಯಿದ್ದ. ರೈತ ಎದ್ದ ಮೇಲೆ ತಾನು ಕೂತಿದ್ದರೆ ಮರ್ಯಾದೆಯಲ್ಲ ಎಂದು ಅವನೂ ಎದ್ದು, ಮೂರರಲ್ಲೊಂದು ನನ್ನದು ಎಂದ. ಅರ್ಧವೂ ಬಂತು, ಮೂರರಲ್ಲೊಂದೂ ಬಂತು, ಇನ್ನೇನು ಉಳಿಯಿತು ಎಂದು ಹಿರಿಯರು ಇಬ್ಬರಿಗೂ ವೀಳ್ಯ ಕೊಟ್ಟು ಸಭೆ ಮುಗಿಸಿದರು. ಎರಡನ್ನೂ ಕೂಡಿಸಿ ನೋಡಿದವರಿಲ್ಲ.

ಏರಿಯಷ್ಟೇ ಉದ್ದದ ಒಂದು ಹಗ್ಗ ಹೊಸೆದರು. ರೈತ ಅದನ್ನು ಎರಡಾಗಿ ಮಡಿಸಿ, ಮೂಡಣ ತುದಿಯಿಂದ ಅಳೆದು ಗೂಟ ಹೊಡೆದ. ವ್ಯಾಪಾರಿ ಅದೇ ಹಗ್ಗವನ್ನು ಮೂರಾಗಿ ಮಡಿಸಿ, ಪಡುವಣ ತುದಿಯಿಂದ ಅಳೆದು ಗೂಟ ಹೊಡೆದ. ಇಬ್ಬರ ಆಳುಗಳೂ ಮೈಮುರಿದು ದುಡಿದರು. ಇಬ್ಬರ ಕೆಲಸವೂ ಮುಗಿಯಿತು. ಎರಡು ಗೂಟಗಳ ನಡುವೆ ಏರಿ ಮೊದಲಿದ್ದಷ್ಟೇ ತಗ್ಗಾಗಿ ಉಳಿಯಿತು.

ಇದು ವ್ಯಾಪಾರಿಯ ಕಳ್ಳತನ ಎಂದ ರೈತ. ರೈತನ ಕಳ್ಳತನ ಎಂದ ವ್ಯಾಪಾರಿ. ಹಿರಿಯರು ಮತ್ತೆ ಹಗ್ಗ ಹಿಡಿದು ಅಳೆದರು. ಅರ್ಧ ಸರಿಯಾಗಿ ಅರ್ಧವೇ ಇತ್ತು. ಮೂರರಲ್ಲೊಂದು ಸರಿಯಾಗಿ ಮೂರರಲ್ಲೊಂದೇ ಇತ್ತು. ಹಿರಿಯರು ತಲೆ ಕೆರೆದುಕೊಂಡು ಮನೆಗೆ ಹೋದರು.

ಆ ತಗ್ಗಿನ ಕೆಳಗೇ ಒಬ್ಬ ಕುಂಬಾರಗಿತ್ತಿಯ ಗುಡಿಸಲು. ಮಡಕೆ ಸುಡುವ ಆವಿಗೆಯೂ ಅಲ್ಲೇ. ಏರಿ ಒಡೆದರೆ ಮೊದಲು ಕೊಚ್ಚಿಹೋಗುವುದು ಅವಳ ಬದುಕು. ಅವಳು ಹಿರಿಯರಿಂದ ಹಗ್ಗ ಇಸಕೊಂಡಳು. ಎರಡಾಗಿ ಮಡಿಸಿದಳು. ಮಡಿಸಿದ್ದನ್ನು ಮತ್ತೆ ಮೂರಾಗಿ ಮಡಿಸಿದಳು. ಆ ಅಳತೆಗೆ ಒಂದು ಗಿಡ್ಡ ಹಗ್ಗ ಕತ್ತರಿಸಿಕೊಂಡು, ಊರವರ ಎದುರಿಗೇ ಏರಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದಳು.

"ಗೌಡ್ರೇ, ನಿಮ್ದು ಮೂರು ಹಗ್ಗ. ಸಾವ್ಕಾರ್ರೇ, ನಿಮ್ದು ಎರಡು. ಇಬ್ಬರೂ ಮಾತಿಗೆ ತಪ್ಪಿಲ್ಲ. ನಡುವೆ ಒಂದು ಹಗ್ಗದಷ್ಟು ಯಾರದೂ ಅಲ್ಲದ್ದು ಉಳಿದಿದೆ. ಹೂಂ ಅನ್ನಿ ಸಾಕು. ಮಣ್ಣು ಹೊರೋದು ನಮ್ಮ ಕೇರಿಗೆ ಹೊಸದಲ್ಲ, ಅದನ್ನ ನಾವೇ ಹಾಕ್ಕೋತೀವಿ."

"ಮೂರಾ?" ಎಂದ ರೈತ. "ನಮ್ಮಜ್ಜನ ಕಾಲದಿಂದ ಅರ್ಧದ ಮನೆಯವರು ನಾವು. ನಾಳೆಯಿಂದ ಮೂರು ಚೂರಿನ ಮನೆಯವರು ಅನ್ನಿಸ್ಕೋಬೇಕೇನೇ? ಇದು ನಿನ್ನ ಮಡಕೆ ಅಲ್ಲ ಕಣೇ, ಒಡೆದು ಬೋಕಿ ಎಣಿಸೋಕೆ."

"ಮಡಕೆ ತಟ್ಟೋಳು ನಮಗೆ ಲೆಕ್ಕ ಹೇಳ್ತಾಳೆ," ಎಂದ ವ್ಯಾಪಾರಿ. "ನಾಳೆ ಬಂದು ನಮ್ಮ ಅಂಗಡಿ ತಕ್ಕಡೀನೂ ನೀನೇ ಹಿಡಿಯವ್ವಾ."

ವ್ಯಾಪಾರಿಗೆ ಬೇರೆಯೇ ಸಂಕಟವಿತ್ತು. ಅರ್ಧ, ಮೂರರಲ್ಲೊಂದು ಎನ್ನುವವರೆಗೆ ಯಾವುದು ದೊಡ್ಡದು ಎಂದು ಊರಲ್ಲಿ ಮುಕ್ಕಾಲು ಜನಕ್ಕೆ ಗೊತ್ತಿರಲಿಲ್ಲ. ಮೂರು, ಎರಡು ಎಂದರೆ ಎಮ್ಮೆ ಕಾಯುವವನಿಗೂ ಗೊತ್ತಾಗುತ್ತದೆ.

ಮಾರನೆಯ ದಿನ ಕುಂಬಾರಗಿತ್ತಿ ಮಣ್ಣಿನ ಬುಟ್ಟಿ ಹೊತ್ತು ಬಂದಳು. ರೈತ ತಡೆದ. ಇಲ್ಲಿ ಮಣ್ಣು ಬಿದ್ದರೆ ವ್ಯಾಪಾರಿಯ ಕಳ್ಳತನ ಮುಚ್ಚಿಹೋಗುತ್ತದೆ ಎಂದ. ವ್ಯಾಪಾರಿಯೂ ತಡೆದ. ರೈತನ ಕಳ್ಳತನ ಮುಚ್ಚಿಹೋಗುತ್ತದೆ ಎಂದ. ಅವಳು ಮಣ್ಣು ಹಾಕಬಾರದು ಎನ್ನುವ ಒಂದು ಮಾತಿನಲ್ಲಿ ಇಬ್ಬರಿಗೂ ಒಮ್ಮತವಿತ್ತು. ತಗ್ಗಿನ ಮೇಲೆ ಇಬ್ಬರೂ ಒಬ್ಬೊಬ್ಬ ಕಾವಲುಗಾರನನ್ನು ಕೂರಿಸಿದರು. ಕಾವಲುಗಾರರು ಎಲೆಅಡಿಕೆ ಹಂಚಿಕೊಂಡು ಹದಿನೈದು ದಿನ ಕಾದರು. ಒಂದು ಹಿಡಿ ಮಣ್ಣೂ ಬೀಳದಂತೆ ನೋಡಿಕೊಂಡರು.

ಮಳೆ ಬಂತು. ಕೆರೆ ತುಂಬಿತು. ರೈತನ ಏರಿಯಲ್ಲಿ ಒಂದು ತೊಟ್ಟು ಸೋರಲಿಲ್ಲ. ವ್ಯಾಪಾರಿಯ ಏರಿಯಲ್ಲೂ ಸೋರಲಿಲ್ಲ. ನೀರು ತಗ್ಗು ಹುಡುಕಿಕೊಂಡು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಏರಿ ಅಲ್ಲಿ ಒಡೆಯಿತು. ಗುಡಿಸಲು ಹೋಯಿತು, ಆವಿಗೆ ಹೋಯಿತು. ಕುಂಬಾರಗಿತ್ತಿ ಉಟ್ಟ ಸೀರೆಯಲ್ಲಿ ದಿಬ್ಬ ಹತ್ತಿ ಜೀವ ಉಳಿಸಿಕೊಂಡಳು. ಮಡಕೆ ತಿರುಗಿಸುವ ತಿಗರಿ ಕೂಡ ಸಿಗಲಿಲ್ಲ. ಎರಡು ದಿನಕ್ಕೆ ಕೆರೆಯಲ್ಲಿ ಕೆಸರು ಮಾತ್ರ ಉಳಿಯಿತು.

ರೈತ ಊರವರನ್ನು ಕರೆದು ತನ್ನ ಅರ್ಧವನ್ನು ತೋರಿಸಿದ. ಒಂದು ಹೆಂಟೆಯೂ ಕದಲಿರಲಿಲ್ಲ. ಆ ವರ್ಷ ಅದರ ಕೆಳಗೆ ಒಂದು ಪೈರೂ ಏಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಅವನದು ಹಟ, ಒಪ್ಪಿದೆ. ಆದರೂ ಗುರುಗಳೇ, ಅರ್ಧ ಅನ್ನಿಸಿಕೊಂಡವನು ಮೂರು ಚೂರು ಅನ್ನಿಸಿಕೊಂಡರೆ ಕುಗ್ಗಿದ ಹಾಗಲ್ಲವೇ?"

ಗುರುಗಳು ಕೇಳಿದರು: "ಅವಳು ಗಿಡ್ಡ ಹಗ್ಗದಲ್ಲಿ ಅಳೆದು ಮುಗಿಸಿದಾಗ ಅವನ ಏರಿ ಎಷ್ಟು ಗೇಣು ಕುಗ್ಗಿತ್ತು?"

ಶಿಷ್ಯ ಹಲಗೆಯನ್ನು ಎಳೆದುಕೊಂಡು, ಮೂರು ದಿನದ ಐದರಲ್ಲಿ ಎರಡನ್ನು ಅಳಿಸಿದ.